ಪ್ಲೈವುಡ್ ಗಿಟಾರಿನಲ್ಲಿ ಜಾಝ್: ನನ್ನ ಅನುಭವ

"ಸೆಮಿ ಹಾಲೋನಲ್ಲಿ ಜಾಝ್ ಆಗಲ್ಲ ಮಾರಾಯ, ಅದು ಬ್ಲೂಸಿನವರ ಗಿಟಾರು" ಅಂತ ನಮ್ಮ ಡ್ರಮ್ಮರ್ ಎರಡು ವರ್ಷ ನನ್ನ ತಲೆ ತಿಂದ. ಸೆಮಿ ಹಾಲೋ ಅಂದರೆ ನಡುವೆ ಗಟ್ಟಿ ದಿಮ್ಮಿ, ಎರಡೂ ಪಕ್ಕೆ ಪೊಳ್ಳಾಗಿರುವ ಎಲೆಕ್ಟ್ರಿಕ್ ಗಿಟಾರು. ಡ್ರಮ್ಮರ್ ಮಂಗಳೂರಿನವನು, ಈಗ ಇರುವುದು ಮುಂಬೈಯ ಮಾಹಿಮ್‌ನಲ್ಲಿ. ಕಳೆದ ತಿಂಗಳು ಬಾಂದ್ರಾದಲ್ಲಿ ಒಂದು ಮದುವೆ ರಿಸೆಪ್ಷನ್‌ಗೆ ನುಡಿಸಿ ಇಳಿದಾಗ ಅವನೇ ಬಂದು "ಯಾವ ಪಿಕಪ್ ಹಾಕಿಸಿದ್ದೀ?" ಅಂತ ಕೇಳಿದ. ತಂತಿಯ ಕಂಪನವನ್ನು ಹಿಡಿದು ಆಂಪ್ಲಿಫೈಯರ್‌ಗೆ (ಆಂಪ್) ಕಳಿಸುವ ಆ ಪಿಕಪ್ ಹಳೆಯದೇ. ಆ ಖುಷಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಕಳೆದ ಕಥೆ. ಎಲ್ಲರ ಮಾತು ಕೇಳಿ ದಪ್ಪ ಹೊಟ್ಟೆಯ, ಒಳಗೆ ಪೂರ್ತಿ ಪೊಳ್ಳಾದ ಫುಲ್ ಹಾಲೋ ಒಂದನ್ನು ತಗೊಂಡಿದ್ದೆ, 48 ಸಾವಿರದ ಆಸುಪಾಸು. ಡೊಂಬಿವಲಿಯ ನಮ್ಮ ಪುಟ್ಟ ಮನೆಯಲ್ಲಿ ಬೆಣ್ಣೆಯ ಹಾಗೆ ಕೇಳುತ್ತಿತ್ತು. ಡ್ರಮ್ಸ್ ಪಕ್ಕ ನಿಂತು ವಾಲ್ಯೂಮ್ ಏರಿಸಿದರೆ ಆಂಪ್‌ನ ಸದ್ದು ಪೊಳ್ಳು ಹೊಟ್ಟೆಗೇ ವಾಪಸ್ ಹೊಕ್ಕು ಗೂಂ ಅಂತ ಒಂದೇ ಕೂಗು. ಗಿಟಾರಿನ ಮುಖದ ಮೇಲಿನ ಎಫ್ ಆಕಾರದ ತೂತಿಗೆ, ಅಂದರೆ ಎಫ್ ಹೋಲ್‌ಗೆ, ಸ್ಪಾಂಜ್ ತುರುಕಿದೆ, ಟೇಪ್ ಅಂಟಿಸಿದೆ. ಕೂಗು ಅರ್ಧ ಕಮ್ಮಿಯಾಯಿತು, ನಾದವೂ ಅರ್ಧ ಹೋಯಿತು. ಸಾಲದ್ದಕ್ಕೆ ಆ ಕೇಸ್ ಹೊತ್ತು ಬೆಳಗಿನ ಫಾಸ್ಟ್ ಲೋಕಲ್ ಹತ್ತಬೇಕು. ಮರಾಠಿ, ಹಿಂದಿ, ಗುಜರಾತಿ, ತುಳು, ನಾಲ್ಕೂ ಭಾಷೆಯಲ್ಲಿ ಬೈಸಿಕೊಂಡಿದ್ದೇನೆ. ಕೊನೆಗೆ 31 ಸಾವಿರಕ್ಕೆ ಮಾರಿದೆ.

ಆಮೇಲೆ ಹಟ ಬಂತು. 1958ರಲ್ಲಿ ಬಂದ ಸೆಮಿ ಹಾಲೋ ಗಿಟಾರು ಗಿಬ್ಸನ್ 335ರ ನಡುವೆ ದಿಮ್ಮಿ ಇಟ್ಟದ್ದೇ ಈ ಕೂಗು ತಗ್ಗಿಸಲು ಅಲ್ವಾ? ಜಾಝ್ ಗಿಟಾರಿಸ್ಟ್ ಜಾನ್ ಸ್ಕೋಫೀಲ್ಡ್ ದಶಕಗಟ್ಟಲೆ ನುಡಿಸಿದ ಐಬನೆಜ್ ಎಎಸ್ 200 ಕೂಡ ಸೆಮಿ ಹಾಲೋನೇ. ಈ ಗಿಟಾರುಗಳ ಮೈ "ಬೀರುವಿಗೆ ಹಾಕೋ ಪ್ಲೈವುಡ್" ಅಂತ ಮೂಗು ಮುರಿಯುವವರಿಗೆ ಒಂದು ಮಾತು: ಜಾಝ್ ದಿಗ್ಗಜ ಜಿಮ್ ಹಾಲ್ ನುಡಿಸಿದ ಗಿಬ್ಸನ್ 175 ಕೂಡ ಪ್ಲೈ ಮರದ್ದೇ. ಮುಂಬೈ ಮಳೆಯಲ್ಲಿ ಪ್ಲೈ ಆದರೆ ತೇವಕ್ಕೆ ಬಾಗೀತು, ಸೀಳೀತು ಅನ್ನುವ ಚಿಂತೆ ಕಮ್ಮಿ, ನಾನು ನಿದ್ದೆ ಮಾಡಬಹುದು.

ಸೆಕೆಂಡ್ ಹ್ಯಾಂಡ್ ಹುಡುಕುತ್ತಾ ಧೋಬಿ ತಲಾವ್‌ನಿಂದ ಅಂಧೇರಿವರೆಗೆ ಏಳೆಂಟು ಗಿಟಾರ್ ನೋಡಿರಬೇಕು. ನನ್ನ ನಿಯಮ ಒಂದೇ. ಮೊದಲ ಹತ್ತು ನಿಮಿಷ ಆಂಪ್‌ಗೆ ಹಾಕಬಾರದು. ಮಾರುವವರು ಕೂಡಲೇ ರಿವರ್ಬ್ (ಆಂಪ್‌ನ ಪ್ರತಿಧ್ವನಿ) ಏರಿಸಿ ಕೈಗೆ ಕೊಡುತ್ತಾರೆ, ಅದರಲ್ಲಿ ಎಲ್ಲವೂ ಚೆಂದ. ಮೊಬೈಲ್ ಟಾರ್ಚ್ ಹಿಡಿದು ಎಫ್ ಹೋಲ್ ಒಳಗೆ ಇಣುಕಿ, ನಡುವಿನ ದಿಮ್ಮಿ, ಅಂದರೆ ಸೆಂಟರ್ ಬ್ಲಾಕ್, ಉದ್ದಕ್ಕೂ ಇದೆಯಾ, ಇಲ್ಲ ತಂತಿ ಕೂರುವ ಬ್ರಿಡ್ಜ್ ಕೆಳಗೆ ಮಾತ್ರ ತುಂಡು ಇಟ್ಟಿದ್ದಾರಾ ನೋಡಿ. ಹಲಸಿನ ಹಣ್ಣು ತಟ್ಟುವ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿ. ನಡುವೆ ಗಟ್ಟಿ, ಪಕ್ಕೆಗಳಲ್ಲಿ ಡಬ್ ಅನ್ನಬೇಕು. ಆಮೇಲೆ ಡಿ ಮತ್ತು ಜಿ ತಂತಿಗಳಲ್ಲಿ ಸಿ ಸೆವೆನ್ ಕಾರ್ಡ್‌ನ ಇ, ಬಿ ಫ್ಲಾಟ್ ಎರಡು ಸ್ವರಗಳನ್ನೇ ಒತ್ತಿ ಕೇಳಿ. "ಸ್ವರ ಎಷ್ಟು ಹೊತ್ತು ನಿಲ್ಲುತ್ತೆ ನೋಡಿ" ಅಂತ ಒಬ್ಬರು ಹೆಮ್ಮೆಯಿಂದ ಕೊಟ್ಟದ್ದನ್ನು ನಾನು ಅದೇ ಕಾರಣಕ್ಕೆ ಬಿಟ್ಟೆ. ಜಾಝ್‌ಗೆ ನನಗೆ ಬೇಗ ಆರುವ ಸ್ವರ ಬೇಕಿತ್ತು. ಸಿಕ್ಕಿದ್ದು ಪೇಂಟ್ ಎದ್ದುಹೋದ, ಯಾರಿಗೂ ಬೇಡವಾದ ಒಂದು. ಕೇಳಿದ್ದು 27 ಸಾವಿರ, ಕೊಟ್ಟದ್ದು 24,500.

ತಂದ ದಿನವೇ ಅವಸರ ಮಾಡಿ 12ರ ಫ್ಲಾಟ್‌ವೌಂಡ್, ಅಂದರೆ ನಯವಾಗಿ ಸುತ್ತಿದ ದಪ್ಪ ತಂತಿ, ಏರಿಸಿದೆ. ದಪ್ಪ ಜಿ ತಂತಿ ನಟ್‌ನಲ್ಲಿ (ನೆಕ್ ತುದಿಯಲ್ಲಿ ತಂತಿ ಕೂರುವ ಕಚ್ಚುಪಟ್ಟಿ) ಸಿಕ್ಕಿಕೊಂಡು ಟ್ಯೂನ್ ಮಾಡುವಾಗೆಲ್ಲ ಟಿಕ್, ಟಿಕ್. ವಾರದೊಳಗೆ ನೆಕ್ ಮುಂದಕ್ಕೆ ಬಾಗಿತು. ರಿಪೇರಿಯವರೊಬ್ಬರು ನಟ್ ಉಜ್ಜಿ ಉಜ್ಜಿ ಆಳ ಮಾಡಿಬಿಟ್ಟರು, ಬೆರಳು ಒತ್ತದೆ ಬಿಟ್ಟ ತಂತಿಗಳೆಲ್ಲ ಜುಂಯ್. 1,200 ನೀರಿಗೆ ಹೋಯಿತು. ಬೇರೆಯವರ ಹತ್ತಿರ ಮೂಳೆಯ ನಟ್ ಹಾಕಿಸಿದೆ, ಇನ್ನೊಂದು ಸಾವಿರದೈನೂರು. ನೆಕ್ ನೆಟ್ಟಗೆ ಮಾಡುವ ಒಳಗಿನ ಕಂಬಿ, ಟ್ರಸ್ ರಾಡ್, ನಾನೇ ಕಾಲು ಸುತ್ತು ಬಿಗಿ ಮಾಡಿ, ಒಂದು ರಾತ್ರಿ ಬಿಟ್ಟು, ಮತ್ತೆ ಸ್ವಲ್ಪ. ನೆಕ್ ಪಕ್ಕದ ಪಿಕಪ್ಪನ್ನು ನಿಮಗೆ ಹೆದರಿಕೆ ಆಗುವಷ್ಟು ಕೆಳಗಿಳಿಸಿ. ಬಾಸ್ ತಂತಿಗಳ ರಾಡಿ ಅಲ್ಲೇ ಅರ್ಧ ಹೋಗುತ್ತದೆ.

ಉಳಿದದ್ದು ಸ್ವರದ ಹೊಳಪು ತಗ್ಗಿಸುವ ಟೋನ್ ನಾಬ್. ಮೂರಕ್ಕೆ ಇಳಿಸಿದರೆ ಕಂಬಳಿ ಹೊದಿಸಿದ ಹಾಗಿತ್ತು. ಲ್ಯಾಮಿಂಗ್ಟನ್ ರೋಡಿನಿಂದ ಒಂದು ಹಿಡಿ ಕೆಪಾಸಿಟರ್ (ಎಷ್ಟು ಹೊಳಪು ಕತ್ತರಿಸಬೇಕು ಅಂತ ತೀರ್ಮಾನಿಸುವ ಬಿಡಿಭಾಗ) ತಂದೆ, ಐವತ್ತು ರೂಪಾಯಿಯೂ ಆಗಿರಲಿಲ್ಲ. ಒಳಗಿದ್ದದ್ದು 0.022 ಮೈಕ್ರೋಫ್ಯಾರಡ್‌ನದು. ನಾನು ಅದಕ್ಕಿಂತ ಚಿಕ್ಕದು ಹಾಕಿದೆ, ಎಷ್ಟರದು ಅಂತ ಮಾತ್ರ ಕೇಳಬೇಡಿ. ನಾಬ್‌ಗಳ ಅಡಿಯ ತಿರುಗುವ ಭಾಗ, ಅಂದರೆ ಪಾಟ್‌ಗಳನ್ನು ಎಫ್ ಹೋಲ್‌ನಿಂದ ಹೊರಗೆ ಎಳೆಯುವುದು ಸುಲಭ, ಒಳಗೆ ಕೂರಿಸುವುದೇ ಪ್ರಾಣಸಂಕಟ. ಮಾಟುಂಗಾದ ಹೂವಿನ ಗಲ್ಲಿಯಲ್ಲಿ ಮಾಲೆ ಕಟ್ಟುವ ದಾರ ಸಿಗುತ್ತಲ್ಲ, ಅದನ್ನು ಪ್ರತಿ ಪಾಟ್‌ನ ಕುತ್ತಿಗೆಗೆ ಕಟ್ಟಿ ತೂತಿನಿಂದ ಎಳೆದೆ. ನಾಲ್ಕರಲ್ಲಿ ಒಂದರ ಗಂಟು ಬಿಚ್ಚಿ ಹೊಟ್ಟೆಯೊಳಗೆ ಬಿತ್ತು. ಹ್ಯಾಂಗರ್ ತಂತಿ ಬಗ್ಗಿಸಿ ಮೀನು ಹಿಡಿದ ಹಾಗೆ ಹಿಡಿಯುವಷ್ಟರಲ್ಲಿ ಭಾನುವಾರ ಮಧ್ಯಾಹ್ನ ಮೂರು. "ಊಟಕ್ಕೆ ಬರ್ತೀರಾ, ಇಲ್ಲ ಅದರೊಳಗೇ ಇರ್ತೀರಾ?" ಅಂದಳು ಹೆಂಡತಿ.

ಬ್ರಿಡ್ಜ್ ಮತ್ತು ತಂತಿಯ ಬುಡ ಸಿಕ್ಕಿಸುವ ಟೇಲ್‌ಪೀಸ್ ನಡುವಿನ ತಂತಿಗಳಲ್ಲಿ ಏನೋ ಒಂದನ್ನು ನೇಯ್ದಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ಇದೆಲ್ಲದರ ನಡುವೆ ಸುಮ್ನೆ ತೆಂಗಿನ ಚಿಪ್ಪಿನ ಪಿಕ್ ಮಾಡಿ ನೋಡಿದೆ. ಗರಟೆ ಒಡೆದು, ಮರಳು ಕಾಗದದಲ್ಲಿ ಉಜ್ಜಿ, ಮೂರು ಮಿಲಿಮೀಟರ್ ದಪ್ಪ. ಮೊದಲ ಎರಡು ಸೀಳಿದವು. ಮೂರನೆಯದರ ನಾದ ಹೆಬ್ಬೆರಳಿನಿಂದ ಮೀಟಿದ ಹಾಗೆ ಮೆತ್ತಗೆ, ಆದರೆ ವಾರಕ್ಕೊಮ್ಮೆ ತುದಿ ಸವೆಯುತ್ತದೆ.

ತಂತಿಗೆ ಸುಮಾರು 2 ಸಾವಿರ ಸೇರಿಸಿದರೂ ಹಳೆಯದನ್ನು ಮಾರಿದ 31 ಸಾವಿರದಲ್ಲೇ ಎಲ್ಲ ಮುಗಿಯಿತು, ಮಸಾಲೆ ದೋಸೆಗೂ ಉಳಿಯಿತು. ರಿಸೆಪ್ಷನ್ ದಿನ ಡ್ರಮ್ಮರ್‌ಗೆ ಪಿಕಪ್ ಬದಲಿಸಿಲ್ಲ ಅಂದರೆ ನಂಬಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ಎಫ್ ಹೋಲ್ ಒಳಗೆ ಇಣುಕಿ ನೋಡಿದ. ಅಲ್ಲಿ ಒಂದು ತುಂಡು ಹೂವಿನ ದಾರ ಇನ್ನೂ ನೇತಾಡುತ್ತಿತ್ತು.