ಪು-ಎರ್ ಚಹಾವನ್ನು ಕುಟ್ಟಬೇಡಿ

ಮೊನ್ನೆ ಸೊಸೆ ಪು-ಎರ್ ಅನ್ನುವ ಚೀನೀ ಚಹಾದ ಬಿಲ್ಲೆಯನ್ನು, ಅಂದರೆ ಎಲೆಗಳನ್ನು ಒತ್ತಿ ಮಾಡಿದ ಗಟ್ಟಿ ಚಪ್ಪಟೆ ಉಂಡೆಯನ್ನು, ಲಟ್ಟಣಿಗೆಯಿಂದ ಕುಟ್ಟುತ್ತಿದ್ದಳು. ಪಕ್ಕದ ಒಲೆಯಲ್ಲಿ ಹಾಲು ಕಾಯುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಜಜ್ಜೋಕೆ ಅದೇನು ಶುಂಠಿಯೇನಮ್ಮಾ? ಅಷ್ಟು ದುಡ್ಡು ಕೊಟ್ಟು ತರಿಸುತ್ತೀರಿ, ಮುಟ್ಟುವುದು ಹೇಗೆ ಅಂತ ಒಂದು ಮಾತು ಕೇಳಬಾರದಾ?

ಯಜಮಾನರ ಕೆಲಸಕ್ಕಾಗಿ ನಾವು 22 ವರ್ಷ ಹಾಂಗ್‌ಕಾಂಗ್‌ನಲ್ಲಿದ್ದೆವು. ಅಲ್ಲಿ ಇದಕ್ಕೆ ಪೋಲೇ ಅನ್ನುತ್ತಾರೆ. ಬೆಳಿಗ್ಗೆ ಡಿಮ್ ಸಮ್ ಅನ್ನುವ ಸಣ್ಣ ಸಣ್ಣ ತಿಂಡಿಗಳ ಜೊತೆ ಇದನ್ನೇ ಕುಡಿಯುತ್ತಾರೆ, ಬಾಯಿಯ ಜಿಡ್ಡು ಹೋಗುತ್ತದೆ. ನನಗೆ ಕಲಿಸಿದ್ದು ಎದುರು ಮನೆಯ ಅಜ್ಜಿ. ಅವರ ಮಾತು ನನಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಮಿಕ್ಕಿದ್ದನ್ನು ಅವರ ಕೈ ನೋಡಿ ಕಲಿತೆ.

ಇದು ಚೀನಾದ ಯುನ್ನಾನ್ ಕಡೆಯ ಚಹಾ. ಇದರಲ್ಲಿ ಎರಡು ಬಗೆ. ಶೆಂಗ್ ಅಂದರೆ ಹಸಿಯದು, ವರ್ಷಗಟ್ಟಲೆ ಇಟ್ಟು ತಾನಾಗಿ ಮಾಗಬೇಕು. ಶೋ ಅಂದರೆ ಮಾಗಿಸಿದ್ದು. ಎಲೆಯನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಹೊದಿಸಿ, ಕಾವಿನಲ್ಲಿ ಹುದುಗಿಸುತ್ತಾರೆ. ಈ ಉಪಾಯ 1970ರ ದಶಕದ್ದು, ಹಳೆಯದೇನಲ್ಲ. ಹೊಸಬರು ಶೋದಿಂದಲೇ ಶುರು ಮಾಡಿ.

ಈಗ ಬಿಡಿಸುವುದು. ಸಾಮಾನ್ಯವಾಗಿ ಬಿಲ್ಲೆ 357 ಗ್ರಾಂ ಇರುತ್ತದೆ, ಕಲ್ಲಿನಂಥ ಗಟ್ಟಿ. ಹಿಂಬದಿ ನಡುವೆ ಒಂದು ಗುಳಿ ಕಾಣುತ್ತದೆ. ಎಲೆಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಒತ್ತುವಾಗ ಚೀಲದ ಗಂಟಿನಿಂದ ಆದದ್ದು ಅದು. ಅಲ್ಲಿ ಚುಚ್ಚಬೇಡಿ, ನಡುಭಾಗವೇ ಹೆಚ್ಚು ಬಿಗಿ. ಅಂಚಿನಿಂದ ಹೋಗಿ. ಕಾಗದ ಹಾಸಿ ಬಿಲ್ಲೆಯನ್ನು ಮಲಗಿಸಿ. ಗೋಣಿ ಹೊಲಿಯುವ ದಬ್ಬಳವಿದ್ದರೆ ಅದೇ ಸಾಕು. ಅದನ್ನು ನೆಟ್ಟಗೆ ಚುಚ್ಚದೆ, ಬಿಲ್ಲೆಯ ಮೈಗೆ ಸಮನಾಗಿ ಅಡ್ಡಕ್ಕೆ ತೂರಿಸಿ. ಒಂದಂಗುಲ ಒಳಗೆ ಹೋದ ಮೇಲೆ ಮೆಲ್ಲಗೆ ಅಲ್ಲಾಡಿಸಿ ಹೊರಗೆಳೆಯಿರಿ. ಬೆರಳಗಲ ಬಿಟ್ಟು ಮತ್ತೊಮ್ಮೆ. ಹೀಗೆ ಮೂರ್ನಾಲ್ಕು ಸಲ ಮಾಡಿ, ಕೊನೆಗೆ ದಬ್ಬಳವನ್ನು ಒಳಗೇ ಇಟ್ಟು ಸ್ವಲ್ಪ ಮೀಟಿ. ಚಿರೋಟಿಯ ಹಾಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ, ಎಲೆ ಮುರಿಯುವುದಿಲ್ಲ. ಬಿಲ್ಲೆ ಹಿಡಿದ ಕೈ ಮೊನೆಯ ಎದುರಿಗೆ ಇರಲೇಬಾರದು. ನನ್ನ ಎಡ ಹೆಬ್ಬೆರಳಿನಲ್ಲಿ ಗುರುತು ಇನ್ನೂ ಇದೆ. ಅಜ್ಜಿ ಅವತ್ತು ಬೈದದ್ದೂ ನೆನಪಿದೆ. ಕುಟ್ಟಿದರೆ ಎಲೆ ಪುಡಿಯಾಗಿ ಕಹಿಯೆಲ್ಲ ಮೊದಲ ನೀರಿಗೇ ಇಳಿಯುತ್ತದೆ. ಬಿಡಿಸಿದ ಚೂರುಗಳನ್ನು ಮಣ್ಣಿನ ಭರಣಿಗೆ ಹಾಕಿ, ಮುಚ್ಚಳ ಸಡಿಲ ಬಿಟ್ಟು, ಹದಿನೈದು ದಿನ ಗಾಳಿಯಾಡಲು ಬಿಡಿ. ಕಮಟು ವಾಸನೆ ಇಳಿಯುತ್ತದೆ.

ಸಣ್ಣ ಬಟ್ಟಲಿಗೆ ಸಾರಿನ ಹುಣಸೆಹಣ್ಣಿಗಿಂತ ಕಡಿಮೆಯೇ ಸಾಕು. ಕೊತಕೊತ ಕುದಿಯುವ ನೀರು ಹೊಯ್ದು ತಕ್ಷಣ ಚೆಲ್ಲಿ. ಮುಚ್ಚಿಟ್ಟು ಒಂದು ನಿಮಿಷ ಸುಮ್ನೆ ಬಿಡಿ, ಎಲೆ ಅರಳಲಿ. ಮತ್ತೆ ನೀರು ಹಾಕಿ, ಹತ್ತು ಎಣಿಸಿ ಬಸಿಯಿರಿ. ಆಮೇಲೆ ಪ್ರತಿ ಸಲವೂ ಸ್ವಲ್ಪ ಜಾಸ್ತಿ ಹೊತ್ತು ಬಿಡಿ. ಅದೇ ಎಲೆ ಎಂಟು ಸಲವಾದರೂ ಬರುತ್ತದೆ. ಒಲೆಯ ಮೇಲೆ ಕುದಿಸಬೇಡಿ. ಹಾಲು, ಸಕ್ಕರೆ ಬೇಡವೇ ಬೇಡ. ಮಣ್ಣಿನ ಟೀ ಪಾತ್ರೆಯನ್ನು ಬರೀ ಬಿಸಿನೀರಿನಲ್ಲಿ ತೊಳೆಯಿರಿ. ದೋಸೆ ಕಾವಲಿಗೂ ಸೋಪು ಹಾಕಿ ಉಜ್ಜುತ್ತೀರಲ್ಲ, ಆಮೇಲೆ ದೋಸೆ ಏಳುತ್ತಿಲ್ಲ ಅಂತ ನನಗೇ ಫೋನ್ ಮಾಡುತ್ತೀರಿ!

ಕುಡಿಯುವಾಗ ಸೊರ್ ಅಂತ ಗಾಳಿಯ ಜೊತೆ ಎಳೆದುಕೊಳ್ಳಿ. ಶೋ ಡಿಕಾಕ್ಷನ್‌ನಷ್ಟು ಕಪ್ಪು, ಮಳೆಗೆ ನೆನೆದ ಮಣ್ಣಿನ ವಾಸನೆ, ಗಂಟಲಿಗೆ ನುಣುಪು. ಶೆಂಗ್ ಮೊದಲು ಕಹಿ. ನುಂಗಿ ಸ್ವಲ್ಪ ಕಾಯಿರಿ. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುವ ಸಿಹಿ ಇದೆಯಲ್ಲ, ಅದು ಬರುತ್ತದೆ. ಬೂಷ್ಟಿನ ವಾಸನೆ ಬಂದರೆ ಮಾತ್ರ ಎಸೆದುಬಿಡಿ.

ಉಳಿದ ಬಿಲ್ಲೆಯನ್ನು ಅದರ ಕಾಗದದಲ್ಲೇ ಸುತ್ತಿಡಿ. ಫ್ರಿಜ್ ಬೇಡ, ಬಿಸಿಲು ಬೇಡ, ನುಸಿಗುಳಿಗೆಯ ಬೀರು ಬೇಡ. ಇದು ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಸೊಸೆ ಇಂಗಿನ ಡಬ್ಬಿಯ ಪಕ್ಕದಲ್ಲಿಟ್ಟಿದ್ದಳು. ಅವತ್ತೇ ತೆಗೆದು ಪುಸ್ತಕದ ಕಪಾಟಿನಲ್ಲಿಟ್ಟಿದ್ದೇನೆ.