ಪಾರ್ಸೆಲ್ ಸಾಂಬಾರಿನ ಜೊತೆ ಬರುವ ಪ್ಲಾಸ್ಟಿಕ್ ತಡೆಯುವುದು ಹೇಗೆ?

ಭಾನುವಾರ ಬೆಳಗ್ಗೆ ಹೋಟೆಲ್‌ನಿಂದ ಇಡ್ಲಿ-ವಡೆ ಪಾರ್ಸೆಲ್ ತರುತ್ತೀರಿ. ಸಾಂಬಾರಿನ ಕವರ್ ಮೆತ್ತಗಾಗಿ ಜೋತು ಬಿದ್ದಿರುತ್ತದೆ, ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಆ ಕವರ್‌ನಿಂದ ಸಾಂಬಾರಿಗೆ ಏನು ಇಳಿಯಿತು ಎಂದು ಯಾರಾದರೂ ಕೇಳ್ತೀವಾ?

ಪ್ಲಾಸ್ಟಿಕ್ ಒಂದೇ ವಸ್ತು ಅಲ್ಲ. ಮೆತ್ತಗಾಗಲು, ಬಣ್ಣ ಬರಲು, ಬೇಗ ಬಿರಿಯದಿರಲು ಅದಕ್ಕೆ ಏನೇನೋ ಕಲಸಿರುತ್ತಾರೆ. ಇವುಗಳಲ್ಲಿ ಹಲವು ಚಪಾತಿ ಹಿಟ್ಟಿಗೆ ಹಾಕಿದ ಎಣ್ಣೆಯ ಹಾಗೆ ನಡುವೆ ಸುಮ್ನೆ ಕೂತಿರುತ್ತವೆ. ಬಿಸಿ ತಾಗಿದರೆ ಜಿನುಗುತ್ತವೆ, ಎಣ್ಣೆ-ತುಪ್ಪ ಸಿಕ್ಕರೆ ಸುಲಭವಾಗಿ ಕರಗುತ್ತವೆ, ಹೊತ್ತು ಕಳೆದಷ್ಟೂ ಜಾಸ್ತಿಯಾಗುತ್ತವೆ. ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ಥಾಲೇಟ್, ಕೆಲವು ಗಟ್ಟಿ ಪ್ಲಾಸ್ಟಿಕ್ ತಯಾರಿಸಲು ಬಳಸುವ ಬಿಸ್ಫಿನಾಲ್-ಎ, ಈ ಹೆಸರುಗಳನ್ನು ಕೇಳಿರಬಹುದು. ದೇಹದ ಹಾರ್ಮೋನುಗಳ ಕೆಲಸವನ್ನು ಕೆಡಿಸುತ್ತವೆ ಎಂಬ ಆತಂಕ ಇರುವುದು ಇಂಥವುಗಳ ಬಗ್ಗೆ. ಆಹಾರ ತಾಗುವ ವಸ್ತುಗಳಲ್ಲಿ ಬಿಸ್ಫಿನಾಲ್-ಎ ಬೇಡ ಎಂಬ ನಿಯಮ ಯೂರೋಪಿಯನ್ ಒಕ್ಕೂಟದಲ್ಲಿ 2025ರ ಜನವರಿಯಲ್ಲಿ ಜಾರಿಗೆ ಬಂತು.

ಬಿಸಿ, ಎಣ್ಣೆ, ಹೊತ್ತು. ಈ ಮೂರನ್ನು ನೆನಪಿಟ್ಟುಕೊಂಡು ಶುರು ಮಾಡೋಣ.

ಹಂತ 1: ಕ್ಯಾರಿಯರ್ ಹಿಡಿದು ಹೋಗಿ

ಸ್ಟೀಲ್ ಕ್ಯಾರಿಯರ್ ಅಟ್ಟದ ಮೇಲೆ ಇರುತ್ತದೆ, ಇಳಿಸಿ. ಕೌಂಟರ್‌ನಲ್ಲಿ ಮೊದಲ ದಿನ ಒಂದು ಥರಾ ನೋಡುತ್ತಾರೆ, ಮೂರನೇ ವಾರಕ್ಕೆ ಅವರೇ ಕೈ ಚಾಚುತ್ತಾರೆ. ಕವರ್‌ನಲ್ಲೇ ತರಬೇಕಾಗಿ ಬಂದರೆ ಮನೆಗೆ ಬಂದ ತಕ್ಷಣ ಪಾತ್ರೆಗೆ ಸುರಿದುಬಿಡಿ. ಕವರ್ ಸಮೇತ ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡುವ ಅಭ್ಯಾಸ ಮಾತ್ರ ಬೇಡವೇ ಬೇಡ.

ಹಂತ 2: ಇಡ್ಲಿ ತಟ್ಟೆಯಲ್ಲಿ ಏನಿದೆ, ಇಣುಕಿ ನೋಡಿ

2025ರ ಫೆಬ್ರುವರಿಯಲ್ಲಿ ಕರ್ನಾಟಕದ ಅಧಿಕಾರಿಗಳು ರಾಜ್ಯದ 250ರಷ್ಟು ಕಡೆ ತಪಾಸಣೆ ಮಾಡಿದಾಗ, 50ರಷ್ಟು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದುದು ಕಂಡುಬಂತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದನ್ನು ನಿಷೇಧಿಸುವುದಾಗಿ ಹೇಳಿದರು. ಆಗ ಇಡ್ಲಿಗೆ ಡಯಾಕ್ಸಿನ್ ಎಂಬ ವಿಷ ಬರುತ್ತದೆ ಎಂಬ ವಾಟ್ಸಾಪ್ ಸಂದೇಶ ಎಲ್ಲರಿಗೂ ಬಂದಿತ್ತು, ಅಲ್ವಾ? ಡಯಾಕ್ಸಿನ್ ಹುಟ್ಟಲು ಸುಡುವಷ್ಟು ಕಾವು ಬೇಕು, ಹಬೆಯ 100 ಡಿಗ್ರಿ ಸಾಲದು. ಆದರೆ ಜಿನುಗುವುದಕ್ಕೆ ಹಬೆ ಧಾರಾಳವಾಗಿ ಸಾಕು. ಮನೆಯಲ್ಲಿ ಒದ್ದೆ ಮಾಡಿದ ಹತ್ತಿ ಬಟ್ಟೆ ಹಾಸಿ. ಬಾಳೆ ಎಲೆಯಾದರೆ ಘಮವೂ ಸೇರುತ್ತದೆ.

ಹಂತ 3: ಟೀ ಲೋಟ ಬದಲಿಸಿ

ಪೇಪರ್ ಕಪ್ ಪೂರ್ತಿ ಪೇಪರ್ ಅಲ್ಲ. ಸೋರದಿರಲಿ ಎಂದು ಒಳಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಖರಗ್‌ಪುರ ಐಐಟಿಯವರು 2020ರಲ್ಲಿ ಇದನ್ನು ಪರೀಕ್ಷಿಸಿದರು. 85ರಿಂದ 90 ಡಿಗ್ರಿಯ 100 ಮಿಲಿಲೀಟರ್ ನೀರು 15 ನಿಮಿಷ ಕಪ್‌ನಲ್ಲಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವಂತೆ. ಅವು ದೇಹದಲ್ಲಿ ಏನು ಮಾಡುತ್ತವೆ ಎಂಬ ಅಧ್ಯಯನ ಇನ್ನೂ ನಡೆಯುತ್ತಿದೆ. ನಾನಂತೂ ಕಾಯುವುದಿಲ್ಲ, ಆಫೀಸಿನ ಡ್ರಾಯರ್‌ನಲ್ಲಿ ಒಂದು ಸ್ಟೀಲ್ ಲೋಟ ಇಟ್ಟುಕೊಂಡಿದ್ದೇನೆ. ಅಂಗಡಿಯ ಗಾಜಿನ ಲೋಟವೂ ಆದೀತು, ಚೆನ್ನಾಗಿ ತೊಳೆದಿದ್ದರೆ!

ಹಂತ 4: ಬಜ್ಜಿಗೆ ಈ ಪುಟ ಬೇಡ

ಪತ್ರಿಕೆಯಲ್ಲೇ ಬರೆದು ಹೀಗೆ ಹೇಳುವುದು ತಮಾಷೆ ಅನ್ನಿಸಬಹುದು. ಆದರೂ ಓದಿ ಮುಗಿದ ಮೇಲೆ ಇದರಲ್ಲಿ ಬಜ್ಜಿಯ ಎಣ್ಣೆ ಒತ್ತಬೇಡಿ. ಮುದ್ರಣದ ಶಾಯಿಯ ಬಣ್ಣ, ಖನಿಜ ತೈಲ ಎಲ್ಲ ಆ ಎಣ್ಣೆಯಲ್ಲಿ ಬೆರೆಯುತ್ತವೆ. 2018ರ ಪ್ಯಾಕೇಜಿಂಗ್ ನಿಯಮಾವಳಿಯ ಪ್ರಕಾರ ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಿಕೊಡುವಂತಿಲ್ಲ. ಜಾಲರಿ ಸೌಟಿನಲ್ಲಿ ಎರಡು ನಿಮಿಷ ಹೆಚ್ಚು ಹಿಡಿದರೆ ಎಣ್ಣೆ ತಾನಾಗಿ ಬಸಿಯುತ್ತದೆ.

ಹಂತ 5: ಡಬ್ಬಿಗಳನ್ನು ತಿರುಗಿಸಿ ನೋಡಿ

ಅಡಿಯಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಎಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್, ಬಿಸಿನೀರು ಹಾಕಬೇಡಿ. 3 ಮತ್ತು 6 ಬಿಸಿ ಊಟದ ಹತ್ತಿರ ಬೇಡ. 5 ಕಾವು ತಡೆಯುವುದರಲ್ಲಿ ಪರವಾಗಿಲ್ಲ, ಆದರೂ ಮೈಕ್ರೋವೇವ್‌ಗೆ ಗಾಜು ಅಥವಾ ಪಿಂಗಾಣಿಯೇ ಲೇಸು. ಉಪ್ಪಿನಕಾಯಿಯದು ಬೇರೆ ಕಥೆ. ಅಲ್ಲಿ ಬಿಸಿ ಇಲ್ಲ, ಆದರೆ ಎಣ್ಣೆ ಇದೆ, ಹುಳಿ ಇದೆ, ವರ್ಷಗಟ್ಟಲೆ ಹೊತ್ತೂ ಇದೆ. ಅದಕ್ಕೆ ಜಾಡಿಯೇ ಸರಿ.

ಗೀರು ಬಿದ್ದ, ಬಣ್ಣ ಮಂಕಾದ ಡಬ್ಬಿಗಳನ್ನು ಅಡುಗೆಮನೆಯಿಂದ ಆಚೆ ಹಾಕಿ. ಗುಂಡಿ, ಸೂಜಿ-ದಾರ ಹಾಕಿಡಲು ಬೇಕಾಗುತ್ತವೆ.