ಪ್ಯಾಕೆಟ್ ಮೇಲೆ ‘ಕೂರ್ಗ್’ ಅಂತಿದ್ದರೆ ಸಾಕೇ? ಸಣ್ಣ ವ್ಯಾಪಾರಕ್ಕೆ ಉಳಿಯುವ ಹೆಸರು ಮಾಡುವುದು ಹೀಗೆ

ಕುಶಾಲನಗರದಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಅಂಗಡಿ ಬೋರ್ಡುಗಳನ್ನು ಓದುತ್ತಾ ಹೋಗಿ. ಕೂರ್ಗ್ ಕಾಫಿ, ಕೂರ್ಗ್ ಹನಿ, ಕೂರ್ಗ್ ಸ್ಪೈಸಸ್, ಮತ್ತೆ ಕೂರ್ಗ್ ಕಾಫಿ. ನಾವು ಬಾಯಲ್ಲಿ ಕೊಡಗು ಅನ್ನುತ್ತೇವೆ, ಬೋರ್ಡು ಮಾತ್ರ ಕೂರ್ಗ್ ಅನ್ನುತ್ತದೆ. ಇಲ್ಲಿಂದ ಪುಡಿ ತೆಗೆದುಕೊಂಡು ಹೋದವರನ್ನು ಒಂದು ತಿಂಗಳು ಬಿಟ್ಟು ಕೇಳಿ ನೋಡಿ, ಯಾವ ಅಂಗಡಿಯದು ಅಂತ. ‘ಅದೇ, ಆ ತಿರುವಿನಲ್ಲಿತ್ತಲ್ಲ’ ಅನ್ನುತ್ತಾರೆ. ಊರಿಗೆ ಹೆಸರಿದೆ, ಅಂಗಡಿಗೆ ಇಲ್ಲ.

ಇದಕ್ಕೆ ಹಳೇ ಕಾರಣವೊಂದಿದೆ. ದಶಕಗಳ ಕಾಲ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಎಲ್ಲರ ತೋಟದ್ದೂ ಅಲ್ಲಿ ಒಟ್ಟಾಗಿ ಮಂಡಳಿಯ ಮೂಲಕವೇ ಮಾರಾಟವಾಗುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟುಪಾಡು ಸಡಿಲವಾಗುತ್ತಾ ಬಂದು 1996ರ ಹೊತ್ತಿಗೆ ಪೂರ್ತಿ ಹೋಯಿತು. ಹಾಗಾಗಿ ಸ್ವಂತ ಹೆಸರಿನಲ್ಲಿ ಪುಡಿ ಮಾರುವುದು ನಮಗೆ ಅಜ್ಜನಿಂದ ಬಂದ ವಿದ್ಯೆಯಲ್ಲ. ನಾವೇ ಕಲಿಯಬೇಕು. ನಾನು ಕಲಿತದ್ದು ಕಾಫಿಪುಡಿಯಲ್ಲಿ. ಜೇನು, ಕಾಚಂಪುಳಿ (ಅಡುಗೆಗೆ ಬಳಸುವ ನಮ್ಮ ಕಡೆಯ ಕಪ್ಪು ಹುಳಿ) ಮಾರುವವರಿಗೂ ಹೋಮ್‌ಸ್ಟೇ ನಡೆಸುವವರಿಗೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು, ಊರಿನ ಹೆಸರು ಬೇರೆ, ನಿಮ್ಮದು ಬೇರೆ

‘ಕೂರ್ಗ್ ಅರೇಬಿಕಾ’ ಕಾಫಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಸರಕು ಅನ್ನುವ ಭೌಗೋಳಿಕ ಗುರುತು, ಸಿಕ್ಕಿತು. ಅದು ಯಾರೊಬ್ಬರ ಸ್ವತ್ತಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಬಳಸಬಹುದು. ಅದೂ ಅರೇಬಿಕಾ ಜಾತಿಯ ಕಾಫಿಗೆ ಮಾತ್ರ. ಕೊಡಗಿನಲ್ಲಿ ಜಾಸ್ತಿ ಬೆಳೆಯುವುದು ರೋಬಸ್ಟಾ ಅಲ್ವಾ? ರೋಬಸ್ಟಾ ಪ್ಯಾಕೆಟ್ ಮೇಲೆ ಆ ಗುರುತು ಹಾಕಿದರೆ ತಪ್ಪು.

ಊರಿನ ಹೆಸರೊಂದನ್ನೇ ನೆಚ್ಚಿಕೊಂಡರೆ ಇನ್ನೊಂದು ತೊಂದರೆ. ವಿಯೆಟ್ನಾಂ ಮೆಣಸು ತಂದು ಕೊಡಗಿನ ಮೆಣಸಿನ ಜೊತೆ ಬೆರೆಸುತ್ತಿದ್ದಾರೆ ಅಂತ 2017ರಲ್ಲಿ ಬೆಳೆಗಾರರು ಸಿಟ್ಟಾಗಿದ್ದು ನೆನಪಿರಬೇಕು. ಬೆರೆಸುವವರು ನಾಲ್ಕು ಜನ, ಅನುಮಾನ ಮಾತ್ರ ಇಡೀ ಜಿಲ್ಲೆಯ ಮೆಣಸಿನ ಮೇಲೆ. ಕೊಡಗಿನ ಕಿತ್ತಳೆಯದು ಇನ್ನೊಂದು ಕಥೆ. ಅದಕ್ಕೂ ಜಿಐ ಇದೆ. ಆದರೆ ರೋಗ ಬಂದು ತೋಟಗಳು ಹೋದವು. ಈಗ ಹೆಸರು ಇದೆ, ಹಣ್ಣು ಹುಡುಕಬೇಕು.

ಒಂದೇ ಮಾತು ಕೊಡಿ

‘ಶುದ್ಧ, ರುಚಿಕರ, ಮನೆಯ ಸ್ವಾದ’ ಅಂತ ಎಲ್ಲರೂ ಬರೆಯುತ್ತಾರೆ. ಯಾರೂ ಓದುವುದಿಲ್ಲ. ಗಿರಾಕಿ ತಾನೇ ಪರೀಕ್ಷೆ ಮಾಡಬಹುದಾದ ಒಂದು ಮಾತು ಆರಿಸಿಕೊಳ್ಳಿ. ‘ಒಂದೇ ತೋಟದ ಬೀಜ’ ಅಂತಲೋ, ‘ಆರ್ಡರ್ ಬಂದ ಮೇಲೆ ಹುರಿಯುತ್ತೇವೆ’ ಅಂತಲೋ. ಚಿಕೋರಿ ಬೆರೆಸುವುದು ತಪ್ಪೇನಲ್ಲ, ಫಿಲ್ಟರ್ ಕಾಫಿಗೆ ಅದೇ ಬೇಕು ಅನ್ನುವವರಿದ್ದಾರೆ. ಕಾನೂನಿನ ಪ್ರಕಾರ ಅಂಥ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವೂ ಲೇಬಲ್ ಮೇಲೆ ಇರಬೇಕು. ಎಲ್ಲೋ ಮೂಲೆಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆಯಬೇಡಿ. ದೊಡ್ಡದಾಗಿ ಬರೆಯಿರಿ.

ಆಮೇಲೆ ಕಷ್ಟದ ಕೆಲಸ: ಪ್ರತಿ ಸಲವೂ ಅದೇ ರುಚಿ

ಲೋಗೊ, ಬಣ್ಣದ ಬಗ್ಗೆ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಹೆಸರು ಉಳಿಯುವುದು ರುಚಿಯಲ್ಲಿ.

ಕಾಫಿ ವರ್ಷದಿಂದ ವರ್ಷಕ್ಕೆ ಒಂದೇ ಥರ ಇರುವುದಿಲ್ಲ. ಹೂಮಳೆ, ಅಂದರೆ ಗಿಡ ಹೂ ಬಿಡಲು ಬೇಕಾದ ಮಳೆ, ಹೆಚ್ಚುಕಡಿಮೆ ಆಗುತ್ತದೆ. ಕುಯ್ಲಿನಲ್ಲಿ ಹಣ್ಣಿನ ಜೊತೆ ಕಾಯಿ ಬರುತ್ತದೆ. ಕಣದಲ್ಲಿ ಹರಡಿದಾಗ ಅಕಾಲದ ಮಳೆ ಬಿದ್ದರೆ ಅದು ಲೋಟದಲ್ಲಿ ಗೊತ್ತಾಗುತ್ತದೆ. ಹಾಗಾಗಿ ಒಂದು ನೋಟ್‌ಬುಕ್ ಇಡಿ. ಯಾವ ಮೂಟೆಯ ಬೀಜ, ಎಷ್ಟು ಹೊತ್ತು ಹುರಿದಿರಿ, ಯಾವ ಬಣ್ಣ ಬಂದಾಗ ನಿಲ್ಲಿಸಿದಿರಿ, ಎಲ್ಲ ಬರೆಯಿರಿ. ಪ್ರತಿ ಸಲ ಹುರಿದಾಗಲೂ ಒಂದು ಹಿಡಿ ಬೀಜ ಗಾಳಿಯಾಡದ ಡಬ್ಬಿಯಲ್ಲಿ ತೆಗೆದಿಡಿ. ಬೀಜವನ್ನೇ ಇಡಿ, ಪುಡಿ ಬೇಗ ಹಳತಾಗುತ್ತದೆ. ಹೊಸತನ್ನು ಮಾರುವ ಮೊದಲು ಹಳೆಯದು, ಹೊಸದು ಎರಡನ್ನೂ ಪುಡಿ ಮಾಡಿ ಒಂದೇ ಅಳತೆಯಲ್ಲಿ ಕಾಫಿ ಮಾಡಿ. ಯಾವುದು ಯಾವುದು ಅಂತ ಹೇಳದೆ ಮನೆಯವರಿಗೆ ಕುಡಿಸಿ. ನಮ್ಮಲ್ಲಿ ಈ ಕೆಲಸ ಅತ್ತೆಯದು. ಲೋಟ ತುಟಿಗೆ ತಾಗುವ ಮೊದಲೇ ಮೂಗಿನಲ್ಲಿ ತೀರ್ಪು ಕೊಡುತ್ತಾರೆ.

ಇಷ್ಟು ಹೇಳುವ ನಾನೇ ಒಮ್ಮೆ ಎಡವಿದ್ದೇನೆ. ಮಡಿಕೇರಿ ದಸರಾ ಸಮಯ, 80 ಕೆಜಿ ಆರ್ಡರ್ ಬಂತು. ಕೈಯಲ್ಲಿದ್ದದ್ದು 50. ಉಳಿದದ್ದನ್ನು ಹೊರಗಿನಿಂದ ತಂದು ನಮ್ಮ ಪ್ಯಾಕೆಟ್‌ಗೆ ತುಂಬಿದೆವು. ಪುಡಿ ಕೆಟ್ಟದ್ದೇನಲ್ಲ, ನಮ್ಮದಲ್ಲ ಅಷ್ಟೇ. ಹದಿನೈದು ದಿನಕ್ಕೆ ಮೈಸೂರಿನ ಹಳೇ ಗಿರಾಕಿಯೊಬ್ಬರ ಫೋನ್. ‘ಏನಮ್ಮಾ, ಈ ಸಲದ್ದು ಬೇರೆಯವರ ಪುಡಿಯಾ?’ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದು ಅಂದೆ, ದುಡ್ಡು ವಾಪಸ್ ಕೊಟ್ಟೆ. ಆವತ್ತಿನಿಂದ ಪುಡಿ ಮುಗಿದರೆ ‘ಮುಗಿದಿದೆ’ ಅಂತ ಚೀಟಿ ಅಂಟಿಸುತ್ತೇವೆ. ಚೀಟಿ ನೋಡಿ ಗೊಣಗಿದವರು ತುಂಬಾ ಜನ. ಗೊಣಗಿಕೊಂಡೇ ಮುಂದಿನ ವಾರ ಬರುತ್ತಾರೆ.

ಕಾಗದಪತ್ರ, ಪ್ಯಾಕೆಟ್

ಇದನ್ನು ಬೇಗ ಹೇಳಿಬಿಡುತ್ತೇನೆ. ನಿಮ್ಮ ಹೆಸರು ಬೇರೆಯವರ ಬಳಿ ಇದೆಯಾ ಅಂತ ಟ್ರೇಡ್‌ಮಾರ್ಕ್ (ವ್ಯಾಪಾರದ ಹೆಸರಿನ ನೋಂದಣಿ) ವೆಬ್‌ಸೈಟ್‌ನಲ್ಲಿ ಪುಕ್ಕಟೆ ಹುಡುಕಬಹುದು. ಅಲ್ಲಿ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಕಾಫಿ, ಜೇನು ಬರುವುದು 30ನೇ ವರ್ಗದಲ್ಲಿ. ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬೇಕು. ಬರೀ ಊರಿನ ಹೆಸರಿಟ್ಟರೆ ನೋಂದಣಿ ಸಿಗುವುದು ಕಷ್ಟ. ನೋಂದಣಿ ಆಗುವ ಮೊದಲೇ ವೃತ್ತದೊಳಗಿನ ‘ಆರ್’ ಗುರುತು ಹಾಕುವುದು ಕಾನೂನಿಗೆ ವಿರುದ್ಧ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ನಂಬರನ್ನು ಪ್ಯಾಕೆಟ್ ಮೇಲೆ ಹಾಕಲು ಮರೆಯಬೇಡಿ. ಕಾಗದದ ಲೇಬಲ್ ಅಂತೂ ಬೇಡವೇ ಬೇಡ, ನಮ್ಮ ಜುಲೈ ಮಳೆಗೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕವರಿನ ಮೇಲೆಯೇ ಅಚ್ಚು ಹಾಕಿಸಿ.

ಗಿರಾಕಿಗಳ ಪಟ್ಟಿ ಇಟ್ಟುಕೊಳ್ಳಿ

ಹೆಸರು, ಊರು, ಫೋನ್ ನಂಬರ್, ಎಷ್ಟು ದಿನಕ್ಕೊಮ್ಮೆ ಎಷ್ಟು ಪುಡಿ. ಅಷ್ಟು ಸಾಕು. ಸುಮ್ನೆ ಹಬ್ಬದ ಶುಭಾಶಯ ಕಳಿಸಿ ಅವರ ತಲೆ ತಿನ್ನಬೇಡಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಈ ಪಟ್ಟಿಯ ಬೆಲೆ ನನಗೆ ಗೊತ್ತಾಯಿತು. ಜೋಡುಪಾಲದ ಕಡೆ ರಸ್ತೆಯೇ ಹೋಗಿತ್ತು. ಪ್ರವಾಸಿಗರು ಬರುವುದು ನಿಂತಿತು. ದಾರಿಹೋಕರನ್ನೇ ನಂಬಿದ್ದ ಅಂಗಡಿಗಳು ಬಾಗಿಲು ತೆರೆದು ಸುಮ್ಮನೆ ಕೂತಿದ್ದವು. ನಮ್ಮದೂ ಖಾಲಿಯೇ. ಒಂದು ಸಂಜೆ ಫೋನ್ ಬಂತು. ನಮ್ಮ ಪಟ್ಟಿಯಲ್ಲಿದ್ದ ಮೈಸೂರಿನ ಅದೇ ಅಮ್ಮ. ಮೊದಲು ‘ಎಲ್ಲ ಕ್ಷೇಮವಾಗಿದ್ದೀರಾ?’ ಅಂತ ಕೇಳಿದರು. ಆಮೇಲೆ ಸ್ವಲ್ಪ ಸಂಕೋಚದಿಂದ, ‘ಅವಸರ ಏನಿಲ್ಲಮ್ಮಾ. ಡಬ್ಬಿಯಲ್ಲಿ ಇನ್ನೊಂದು ವಾರಕ್ಕೆ ಆಗುವಷ್ಟಿದೆ’ ಅಂದರು.

ಮರುದಿನ ಸಿಕ್ಕಿದ ಬಸ್ಸಿಗೆ ಎರಡು ಕೆಜಿ ಹಾಕಿದೆವು.